ಎದ್ದು ಹೋಗುವ ಹಕ್ಕು

ಸತ್ತ ಅಪ್ಪನನ್ನು ಮೇಷ್ಟ್ರು ಬದುಕಿಸಿಕೊಂಡು ಬಂದಿದ್ದರು. ಅದೂ ಕೆಂಪು ಶಾಯಿಯಲ್ಲಿ.

ಅವಳು ಹಸ್ತಪ್ರತಿಯ ಕೊನೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದಳು. ತಾನು ಬರೆದದ್ದರ ಮೇಲೆ ಉದ್ದಕ್ಕೆ ಒಂದು ಗೀಟು. ಅದರ ಕೆಳಗೆ ಕರಿಹಲಗೆಯ ಮೇಲೆ ಬರೆದಷ್ಟು ದುಂಡಗೆ ಮೇಷ್ಟ್ರ ಅಕ್ಷರ: ಬಾಗಿಲು ತಟ್ಟಿದ ಸದ್ದಾಯಿತು. ಹುಡುಗಿ ಓಡಿಹೋಗಿ ತೆರೆದಳು. ಹೊರಗೆ ಅಪ್ಪ ನಿಂತಿದ್ದ. ಅವನ ಕೈಯಲ್ಲಿ ಒಂದು ದೊಡ್ಡ ಗೊಂಬೆಯಿತ್ತು.

"ಗೊಂಬೆ ಬೇರೆ," ಎಂದಳು.

"ಅಷ್ಟು ದಿನ ಆದ್ಮೇಲೆ ಬರಿಗೈಲಿ ಬಂದ್ರೆ ಚೆನ್ನಾಗಿರುತ್ತೇನಮ್ಮ?"

"ಸಾರ್, ಬಾಯ್ಲರ್ ಸಿಡಿದು ಸತ್ತೋನು ಯಾವ ಅಂಗಡೀಲಿ ಗೊಂಬೆ ತಗೊಂಡ?"

"ಅದಕ್ಕೇ ಬಾಯ್ಲರ್ ತೆಗೆದುಬಿಟ್ಟಿದ್ದೀನಿ. ಹಿಂದಿನ ಪುಟ ನೋಡು."

ಹಿಂದಿನ ಪುಟ ನೋಡಿದಳು. ಬಾಯ್ಲರ್ ಇರಲಿಲ್ಲ. ಇಡೀ ಕಾರ್ಖಾನೆಯಲ್ಲಿ ಈಗ ಸಾಬೂನು ತಾನೇ ತಾನಾಗಿ ಬೇಯುತ್ತಿತ್ತು.

ಮೇಷ್ಟ್ರು ಮಕ್ಕಳ ಪುಸ್ತಕಗಳ ಪ್ರಕಾಶಕರು. ಶಾಲೆಯಲ್ಲಿ ಪಾಠ ಹೇಳುವುದನ್ನು ಅವರು ಬಿಟ್ಟು ಬಹಳ ಕಾಲವಾದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿನ ಒಂದು ಕೋಣೆಯೇ ಅವರ ಪ್ರಕಾಶನ. ಕೆಳಗೆ ಯಾರಾದರೂ ಸರಳು ಎಳೆದರೆ ಮೇಲೆ ಮೇಜಿನ ಮೇಲಿದ್ದ ಚಹಾದ ಲೋಟ ನಡುಗುತ್ತಿತ್ತು. ಅವಳ ಪುಸ್ತಕಗಳೆಲ್ಲ ಹೊರಬಂದದ್ದು ಆ ಕೋಣೆಯಿಂದಲೇ. ಅವಳ ಆನೆಯನ್ನೋ, ಅವಳ ಸೀನುವ ಬಸ್ಸನ್ನೋ ಎದೆಗವಚಿಕೊಂಡು ಮಲಗಿದ ಮಕ್ಕಳು ಬೆಳೆದು, ಈಗ ತಮ್ಮ ಮಕ್ಕಳಿಗೆ ಅದೇ ಪುಸ್ತಕ ಕೊಳ್ಳಲು ಆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಇಷ್ಟಾದರೂ ಮೇಷ್ಟ್ರಿಗೂ ಅವಳಿಗೂ ಒಂದು ಪುಸ್ತಕವಾದರೂ ಜಗಳವಿಲ್ಲದೆ ಹುಟ್ಟಿದ್ದಿಲ್ಲ.

"ಶಾಲೆಯೋರು ಮುಟ್ಟಲ್ಲಮ್ಮ ಇದನ್ನ," ಎಂದರು ಮೇಷ್ಟ್ರು. "ಅಪ್ಪ ಬೆಳಗ್ಗೆ ಕೆಲಸಕ್ಕೆ ಹೋಗ್ತಾನೆ, ಸಾಯ್ತಾನೆ, ಮುಗೀತು. ಎಳೇ ಮಗು ಅದನ್ನ ಓದಿ ಏನು ಮಾಡ್ಬೇಕು?"

"ಅಳ್ಲಿ."

"ಅಳ್ಸೋಕೆ ಪುಸ್ತಕ ಬೇರೆ ಬೇಕಾ? ಜಗತ್ತು ಸಾಲ್ದಾ?"

"ಜಗತ್ತು ಅಳಿಸಿ ಎದ್ದು ಹೋಗುತ್ತೆ ಸಾರ್. ಪುಸ್ತಕ ಆದ್ರೆ ಪಕ್ಕದಲ್ಲೇ ಬಿದ್ದಿರುತ್ತೆ. ನಾನು ಹೇಳೋದು ಇಷ್ಟೆ. ಈ ಕತೇಲಿ ಅಪ್ಪ ಬರಬಾರದು. ಇದೊಂದು ವಿಷಯದಲ್ಲಿ ನಾನು ಜಗ್ಗಲ್ಲ."

ಅವಳು ಜಗ್ಗುವವಳಲ್ಲ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ. ಅವಳು ಯಾರಿಗೂ ಹೇಳಿಕೊಂಡವಳಲ್ಲ.

ಅವಳು ಕುಂಟೆಬಿಲ್ಲೆ ಆಡುವ ವಯಸ್ಸಿನಲ್ಲಿದ್ದಾಗ ಸಾಬೂನು ಕಾರ್ಖಾನೆಯ ಬಾಯ್ಲರ್ ಸಿಡಿಯಿತು. ಅವಳ ಅಪ್ಪ ಅದರ ಮುಂದೆಯೇ ಕೆಲಸ ಮಾಡುತ್ತಿದ್ದ. ಬಾಯ್ಲರ್ ಬಿರುಕು ಬಿಟ್ಟಿದೆ, ಬದಲಾಯಿಸಿ ಎಂದು ಕೆಲಸಗಾರರು ಹೇಳಿ ಹೇಳಿ ಅವರ ಗಂಟಲು ಒಣಗಿತ್ತು. ಮಾಲೀಕರು ತೇಪೆ ಹಾಕಿಸಿ, ಮೇಲೆ ಹಸಿರು ಬಣ್ಣ ಹೊಡೆಸಿದ್ದರು. ಹಬೆಗೆ ಬಣ್ಣದ ಮೇಲೆ ಏನು ಮರ್ಯಾದೆ? ಸತ್ತವರ ಹೆಸರುಗಳನ್ನು ಗೇಟಿಗೆ ಅಂಟಿಸಿದರು. ಅಂಟು ಒಣಗುವ ಮೊದಲೇ ಆ ಗೇಟು ಮತ್ತೆ ಕೆಲಸಕ್ಕೆ ತೆರೆಯಿತು.

ಮಗುವನ್ನು ಆ ಬೆಳಗ್ಗೆಯೇ ಚಿಕ್ಕಮ್ಮನ ಮನೆಗೆ ಸಾಗಹಾಕಿದ್ದರು. ವಾಪಸ್ ಬಂದು ಅಪ್ಪ ಎಲ್ಲಿ ಎಂದು ಕೇಳಿದಾಗ ಅಮ್ಮ ಒಲೆಯ ಕಡೆಯಿಂದ ಮುಖ ತಿರುಗಿಸದೆಯೇ, "ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾರೆ. ಬರ್ತಾರೆ," ಎಂದಳು. ಚಿಕ್ಕಮ್ಮ ಹೌದೆಂದು ತಲೆಯಾಡಿಸಿದಳು. ಪಕ್ಕದ ಮನೆಯವರು ಆಡಿಸಿದರು, ಎದುರು ಮನೆಯವರು ಆಡಿಸಿದರು. ಇಡೀ ಬೀದಿ ಒಂದು ಮಗುವಿನ ವಿರುದ್ಧ ಒಗ್ಗಟ್ಟಾಯಿತು. ಆ ಒಗ್ಗಟ್ಟಿನ ಅರ್ಧದಷ್ಟು ಬಾಯ್ಲರ್ ವಿಷಯದಲ್ಲಿ ಬಂದಿದ್ದರೂ ಅಷ್ಟು ಜನ ಸಾಯುತ್ತಿರಲಿಲ್ಲ.

ಸತ್ತವನ ಬದಲಿಗೆ ಎಂದು ಅಮ್ಮನಿಗೆ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಕೊಟ್ಟರು. ಗಂಡನನ್ನು ನುಂಗಿದ ಗೇಟಿನೊಳಕ್ಕೆ ಹೆಂಡತಿ ಊಟದ ಡಬ್ಬಿ ಹಿಡಿದುಕೊಂಡು ಹೋದಳು. ಮಗಳು ಸಂಜೆಯ ಹೊತ್ತು ಹೊಸ್ತಿಲ ಮೇಲೆ ಕೂತು ಬೀದಿಯ ತುದಿ ನೋಡುತ್ತಿದ್ದಳು. ಎರಡು ವರ್ಷ ನೋಡಿದಳು.

ಆಮೇಲೊಂದು ದಿನ ಆಟದಲ್ಲಿ ಜಗಳ ಬಂತು. ಬಿಲ್ಲೆ ಗೆರೆಯ ಮೇಲೆ ಬಿದ್ದಿದೆ ಎಂದು ಇವಳು, ಒಳಗೆ ಬಿದ್ದಿದೆ ಎಂದು ಮೂಲೆಮನೆಯ ಹುಡುಗಿ. ಮಾತಿಗೆ ಮಾತು ಬೆಳೆದು ಆ ಹುಡುಗಿ ಸೊಂಟಕ್ಕೆ ಕೈ ಕೊಟ್ಟು, "ಹೋಗೇ! ಸತ್ತೋಗಿರೋ ಅಪ್ಪ ಬರ್ತಾನೆ ಅಂತ ದಿನಾ ಬಾಗಿಲು ಕಾಯೋಳು! ಇಡೀ ಬೀದಿಗೆ ಗೊತ್ತು, ನಿಂಗೊಬ್ಬಳಿಗೇ ಗೊತ್ತಿಲ್ಲ," ಎಂದಳು.

ಅವಳು ಆಟ ಮುಗಿಸಿಯೇ ಮನೆಗೆ ಹೋದಳು. ಗೆದ್ದೇ ಹೋದಳು. ಅಮ್ಮನನ್ನು ಏನೂ ಕೇಳಲಿಲ್ಲ. ಅವತ್ತಿನಿಂದ ಹೊಸ್ತಿಲ ಮೇಲೆ ಕೂರಲಿಲ್ಲ, ಅಷ್ಟೆ. ಅಮ್ಮನೂ ಯಾಕೆ ಎನ್ನಲಿಲ್ಲ. ಆ ವಿಷಯ ಮನೆಯ ನಡುವಿನ ಕಂಬದ ಹಾಗೆ ನಿಂತುಬಿಟ್ಟಿತು. ತಾಯಿ ಮಗಳು ಇಬ್ಬರೂ ಅದನ್ನು ಸುತ್ತಿಬಳಸಿ ಓಡಾಡುವುದನ್ನು ರೂಢಿ ಮಾಡಿಕೊಂಡರು. ಅಪ್ಪ ಸತ್ತದ್ದನ್ನು ಹೇಗೋ ನುಂಗಿಕೊಂಡಳು. ಊರೆಲ್ಲ ಬಲ್ಲದ್ದನ್ನು ತಾನೊಬ್ಬಳೇ ಅರಿಯದೆ ಎರಡು ವರ್ಷ ಪೆದ್ದಿಯ ಹಾಗೆ ಕೂತಿದ್ದೆನಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಮೀಸೆ ಚಿಗುರದ ಹುಡುಗರೂ ಜಡೆ ಬಿಗಿದ ಹುಡುಗಿಯರೂ ಕೆಲಸಕ್ಕೆ ಸೇರುತ್ತಿದ್ದ ಕಾಲ ಅದು. ಅವಳು ಅಚ್ಚುಕೂಟದ ಬೈಂಡಿಂಗ್ ವಿಭಾಗಕ್ಕೆ ಸೇರಿದಳು. ದೊಡ್ಡ ಹಾಳೆಯೊಂದರಲ್ಲಿ ಹದಿನಾರು ಪುಟ ಅಚ್ಚಾಗಿ ಬರುತ್ತಿತ್ತು. ಅದನ್ನು ಮಡಿಸಿ ಮಡಿಸಿ ಪುಟಗಳು ಸಾಲಾಗಿ ಬರುವಂತೆ ಮಾಡುವುದು, ಹೊಲಿಯುವುದು, ಬೆನ್ನಿಗೆ ಗೋಂದು ಬಳಿಯುವುದು, ಇದು ಹೆಂಗಸರ ಕೆಲಸ. ಮಡಿಸದ ಹಾಳೆಯಲ್ಲಿ ಪುಟಗಳು ತಲೆಕೆಳಗಾಗಿ, ಹಿಂದುಮುಂದಾಗಿ ಇರುತ್ತವೆ. ಮೊದಲನೆಯ ಪುಟದ ಪಕ್ಕದಲ್ಲೇ ಹದಿನಾರನೆಯದು ಕೂತಿರುತ್ತದೆ. ಹೀಗಾಗಿ ಮಕ್ಕಳ ಪುಸ್ತಕ ಬಂದಾಗಲೆಲ್ಲ ಅವಳಿಗೆ ಒಂದೇ ನೋಟಕ್ಕೆ ಎರಡೂ ಕಾಣುತ್ತಿತ್ತು: ಈ ಕಡೆ "ಒಂದು ಕಾಡಿನಲ್ಲಿ ಒಂದು ಮೊಲವಿತ್ತು", ಆ ಕಡೆ "ನೀತಿ: ಹಿರಿಯರ ಮಾತನ್ನು ಕೇಳಬೇಕು". ಮೊಲ ಇನ್ನೂ ಬಾಯಿ ತೆರೆದಿಲ್ಲ, ಆಗಲೇ ಪಕ್ಕದಲ್ಲಿ ಹಿರಿಯರು ಬೆತ್ತ ಹಿಡಿದು ನಿಂತಿದ್ದಾರೆ!

"ಪಾಪ, ಮೊಲಕ್ಕೆ ಓಡೋಕೂ ದಾರಿಯಿಲ್ಲ ನೋಡೇ," ಎಂದು ಪಕ್ಕದವಳಿಗೆ ತೋರಿಸಿದಳು.

ಪಕ್ಕದಲ್ಲಿದ್ದವಳು ಗೋಂದು ಬಳಿಯುವ ಕೆಲಸದವಳು; ಎಲ್ಲರ ಬಾಯಲ್ಲಿ ಗೋಂದಕ್ಕ. "ನಿಂಗೆ ಮಡಿಸೋಕೆ ಕೊಟ್ಟಿರೋದು, ಓದೋಕಲ್ಲ," ಎಂದಳು ಗೋಂದಕ್ಕ. ಆಮೇಲೆ ಕತ್ತು ಚಾಚಿ, "ಏನಂತೆ ಆ ಮೊಲಕ್ಕೆ?" ಎಂದಳು.

ಅಚ್ಚುಕೂಟದ ಹಿಂದೆ ಒಂದು ಪಡಸಾಲೆ ಇತ್ತು. ಶಾಲೆ ಬಿಟ್ಟ ಮೇಲೆ ಕೆಲಸಗಾರರ ಮಕ್ಕಳು ಅಮ್ಮಂದಿರಿಗಾಗಿ ಕಾಯುತ್ತಾ, ಕಾಗದದ ಉರುಳೆಗಳ ಮೇಲೆ ಹತ್ತಿ ಇಳಿದು ಗಲಾಟೆ ಮಾಡುತ್ತಿದ್ದ ಜಾಗ. ಕೆಟ್ಟ ಅಚ್ಚಿನ ಪುಸ್ತಕವೊಂದನ್ನು ಅವಳು ಒಮ್ಮೆ ಅಲ್ಲಿಗೆ ಒಯ್ದು ಓದಿದಳು. ಎರಡನೆಯ ಪುಟಕ್ಕೆ ಒಬ್ಬ ಎದ್ದ. ಮೂರನೆಯದಕ್ಕೆ ಉಳಿದವರೂ ಕುಂಡಿ ಝಾಡಿಸಿಕೊಂಡು ಎದ್ದು ಹೋದರು. ಮರುದಿನ ಪುಸ್ತಕ ಬಿಟ್ಟು ಬಾಯಲ್ಲೇ ಒಂದು ಕಥೆ ಕಟ್ಟಿ ಹೇಳಿದಳು. ಸ್ವಲ್ಪ ಹೆಚ್ಚು ಹೊತ್ತು ಕೂತರು. ಎಲ್ಲಿ ಎದ್ದರೋ ಆ ಜಾಗವನ್ನು ನೆನಪಿಟ್ಟುಕೊಂಡು ಅದನ್ನು ಕಿತ್ತು ಹಾಕಿದಳು. ಅವಳು ಕಲಿತ ಬರವಣಿಗೆಯೆಲ್ಲ ಇಷ್ಟೇ. ಮುಂದೆ ಹೆಸರು ಬಂದ ಮೇಲೂ ಆ ಪದ್ಧತಿ ಬದಲಾಗಲಿಲ್ಲ. ಬರೆದದ್ದು ಯಾವುದೇ ಇರಲಿ, ಮೊದಲು ಆ ಪಡಸಾಲೆಗೆ ಬರಬೇಕು. ಬಾಗಿಲು ಪೂರಾ ತೆಗೆದಿರಬೇಕು. ಶುರು ಮಾಡುವ ಮುಂಚೆ ಅವಳು ಒಂದೇ ಮಾತು ಹೇಳುತ್ತಿದ್ದಳು: "ಬೇಜಾರಾದ್ರೆ ಎದ್ದು ಹೋಗಿ. ಅದು ನಿಮ್ಮ ಹಕ್ಕು. ನಾನು ಬೈಯಲ್ಲ, ತಲೆ ಎತ್ತಿಯೂ ನೋಡಲ್ಲ." ಮಕ್ಕಳು ಆ ಹಕ್ಕನ್ನು ದಾಕ್ಷಿಣ್ಯವಿಲ್ಲದೆ ಚಲಾಯಿಸುತ್ತಿದ್ದರು. ಒಬ್ಬರು ಎದ್ದರೆ ಅಂಚಿನಲ್ಲಿ ಒಂದು ಪೆನ್ಸಿಲ್ ಗುರುತು. ಗುರುತು ಬಿದ್ದ ಸಾಲು ಎಷ್ಟೇ ಮುದ್ದಾಗಿರಲಿ, ಅದು ಸತ್ತಿತು ಎಂದೇ ಲೆಕ್ಕ.

ಅಚ್ಚುಕೂಟದಲ್ಲಿ ಮುಷ್ಕರ ಆಯಿತು. ಮಾಲೀಕರು ಗೇಟಿಗೆ ಬೀಗ ಜಡಿದರು. ಹೆಂಗಸರು ಗೇಟಿನ ಎದುರೇ ಗುಡಾರ ಹಾಕಿ ಮಕ್ಕಳು ಮರಿ ಸಮೇತ ಕೂತರು. ಘೋಷಣೆ ಕೂಗಲು ದೊಡ್ಡವರಿಗೆ ಒಂದು ಹುರುಪಿರುತ್ತದೆ. ಬಿಸಿಲಲ್ಲಿ ಕೂತ ಮಕ್ಕಳಿಗೆ ಅದರಲ್ಲಿ ಏನಿದೆ? ಅವು ಕಿರುಚಿ ಅತ್ತವು. ಆಗ ಅವಳು ಗೇಟನ್ನೇ ತೋರಿಸಿ ಒಂದು ಕಥೆ ಶುರು ಮಾಡಿದಳು. ಕೆಲಸ ಕೇಳಿಕೊಂಡು ಗೇಟಿಗೆ ಒಂದು ಆನೆ ಬರುತ್ತದೆ. ಕಾವಲುಗಾರ ಗುರುತಿನ ಚೀಟಿ ಕೇಳುತ್ತಾನೆ. ಆನೆ ಕೊಡುತ್ತದೆ. ಚೀಟಿಯ ಫೋಟೋದಲ್ಲಿ ಇಡೀ ಆನೆ ಹಿಡಿಸಿಲ್ಲ, ಬರೀ ಮೊಣಕಾಲು ಬಂದಿದೆ. "ಇದು ನಿಂದೇ ಮೊಣಕಾಲು ಅಂತ ಏನು ಗ್ಯಾರಂಟಿ?" ಎನ್ನುತ್ತಾನೆ ಕಾವಲುಗಾರ. ಮಕ್ಕಳು ಬಿದ್ದು ಬಿದ್ದು ನಕ್ಕವು. ನಿಜವಾದ ಕಾವಲುಗಾರನೂ ಗೇಟಿನ ಒಳಗಿನಿಂದ ನಕ್ಕ. ಯೂನಿಯನ್ನಿನ ಕರಪತ್ರಗಳಲ್ಲಿ ಶಾಯಿ ಚೆಲ್ಲಿ ಹಾಳಾದವನ್ನು ಹೆಂಗಸರು ಮಡಿಸಿ, ಹೊಲಿದು, ಖಾಲಿ ಬೆನ್ನಿನ ಮೇಲೆ ಆ ಕಥೆ ಬರೆದರು. ಅವಳ ಮೊದಲ ಪುಸ್ತಕ ಅದು. ಎಡದ ಪುಟದಲ್ಲಿ ಆನೆ, ಬಲದ ಪುಟದಲ್ಲಿ ಬೇಡಿಕೆಗಳು.

ಮೇಷ್ಟ್ರು ಅಲ್ಲಿಗೆ ಬಂದದ್ದು ಜಗಳಕ್ಕೆ. ಅವರ ಪುಸ್ತಕಗಳು ಅರ್ಧ ಹೊಲಿದು ಬೀಗದೊಳಗೆ ಸಿಕ್ಕಿಬಿದ್ದಿದ್ದವು. ಬೈಯಲು ಬಾಯಿ ತೆರೆದವರು ಮಕ್ಕಳ ನಗುವಿಗೆ ಬಾಯಿ ಮುಚ್ಚಿಕೊಂಡು, ಆ ಕರಪತ್ರದ ಪುಸ್ತಕ ಇಸಿದುಕೊಂಡು ನಿಂತಲ್ಲೇ ಓದಿದರು. "ಯಾರು ಬರ್ದಿದ್ದು?" ಎಂದರು. ಗೋಂದಕ್ಕ ಬೆರಳು ತೋರಿಸಿದಳು.

"ಅಚ್ಚು ಹಾಕ್ತೀನಿ. ಆದ್ರೆ ಕೊನೇಲಿ ನೀತಿ ಇಲ್ಲವಲ್ಲಮ್ಮ? ನೀತಿ ಇಲ್ಲದ ಕತೆ ಬಾಲ ಇಲ್ಲದ ಕೋತಿ ಇದ್ದಂಗೆ."

"ಬಾಲ ಇಲ್ಲದ ಕೋತಿ ಅಂದ್ರೆ ಮನುಷ್ಯ ಅಲ್ವಾ ಸಾರ್?" ಎಂದಳು.

ಗುಡಾರಕ್ಕೆ ಗುಡಾರವೇ ನಕ್ಕಿತು. ಕೊನೆಗೆ ಮೇಷ್ಟ್ರೂ ನಕ್ಕರು. ಆನೆ ನೀತಿಯಿಲ್ಲದೆ ಅಚ್ಚಾಯಿತು. ಮುಷ್ಕರ ಮುಗಿದಾಗ ಕೇಳಿದ್ದರಲ್ಲಿ ಹೆಚ್ಚಿನದು ಸಿಗಲಿಲ್ಲ. ಹೆಂಗಸರಿಗೆ ಪ್ರತ್ಯೇಕ ಕಕ್ಕಸು ಸಿಕ್ಕಿತು. ಇತಿಹಾಸ ಬರೆಯುವವರು ಅದನ್ನು ಗೆಲುವಿನ ಪಟ್ಟಿಗೆ ಸೇರಿಸಲಾರರು. ಅಲ್ಲಿ ದಿನವಿಡೀ ಬಿಗಿಹಿಡಿದು ಕೂತು ಕೆಲಸ ಮಾಡಿದವರು ಸೇರಿಸುತ್ತಾರೆ.

ಆಮೇಲೆ ಪುಸ್ತಕದ ಮೇಲೆ ಪುಸ್ತಕ. ಬೆಳಗ್ಗೆ ಮಡಿಸುವುದು, ಸಂಜೆ ಓದುವುದು, ಬಿಡುವಿನ ದಿನ ಬರೆಯುವುದು. ತಾನು ಬರೆದ ಪುಸ್ತಕಕ್ಕೆ ತಾನೇ ಸೂಜಿ ಹಾಕಿದಳು. ಬೆರಳಿನ ಗಂಟುಗಳು ಹಿಡಿದುಕೊಂಡ ಮೇಲೆ ಬೈಂಡಿಂಗ್ ಬಿಟ್ಟಳು, ಪಡಸಾಲೆ ಬಿಡಲಿಲ್ಲ. ಮದುವೆಯ ಮಾತು ಎತ್ತಿದವರಿಗೆ, "ಕತೆ ಕೇಳಿ ಎದ್ದು ಹೋಗ್ದೇ ಇರೋ ಗಂಡಸು ಸಿಕ್ರೆ ನೋಡೋಣ," ಎನ್ನುತ್ತಿದ್ದಳು. ಸಿಗಲಿಲ್ಲವೋ, ಹುಡುಕಲಿಲ್ಲವೋ. ಅಮ್ಮ ಮಗಳು ಇಬ್ಬರೇ ಉಳಿದರು.

ಅಪ್ಪನ ಕಥೆಯನ್ನು ಮಾತ್ರ ಅವಳು ಅಷ್ಟು ವರ್ಷ ಮುಟ್ಟಿರಲಿಲ್ಲ. ಈಗ, ತಲೆ ಪೂರಾ ನೆರೆತ ಮೇಲೆ, ಬರೆದಿದ್ದಳು. ಎಲ್ಲೋ ಒಂದು ಮಗು ಹೊಸ್ತಿಲ ಮೇಲೆ ಕೂತಿದೆ, ಅದರ ಕೈಗೆ ಈ ಪುಸ್ತಕ ಸಿಗಬೇಕು ಎಂಬುದೊಂದೇ ಅವಳ ಹಟ. ಅಂಥ ಪುಸ್ತಕದಲ್ಲಿ ಮೇಷ್ಟ್ರು ಅಪ್ಪನ ಕೈಗೆ ಗೊಂಬೆ ಕೊಟ್ಟು ಬಾಗಿಲು ತಟ್ಟಿಸಿದ್ದರು.

"ಸರಿ," ಎಂದರು ಮೇಷ್ಟ್ರು, ಚಹಾದ ಲೋಟವನ್ನು ಹಿಡಿದು ನಿಲ್ಲಿಸುತ್ತಾ. "ನಾನೂ ಬೇಡ, ನೀನೂ ಬೇಡ. ನಿನ್ನ ಪಡಸಾಲೆ ಮಕ್ಕಳೇ ತೀರ್ಮಾನ ಮಾಡ್ಲಿ. ನಿನ್ನ ಕೊನೆ ನೀನು ಓದು, ನನ್ನ ಕೊನೆ ನಾನು ಓದ್ತೀನಿ. ಯಾವ ಕೊನೆಗೆ ಏಳದೆ ಕೂತಿರ್ತಾರೋ ಅದು ಅಚ್ಚಾಗುತ್ತೆ. ನಿನ್ನ ನಿಯಮಾನೇ."

ಅವಳು ಯೋಚಿಸಲಿಲ್ಲ. ಪಡಸಾಲೆಯಲ್ಲಿ ಸೋತು ಅವಳಿಗೆ ಅಭ್ಯಾಸವಿರಲಿಲ್ಲ. "ಆಯ್ತು," ಎಂದಳು.

ಗೋಂದಕ್ಕ ಈಗ ಬೈಂಡಿಂಗ್ ವಿಭಾಗದ ಯಜಮಾನಿ. ಬಾಗಿಲು ಪೂರಾ ತೆಗೆದು, ಅದರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಳು. ಮೇಷ್ಟ್ರು ಕಾಗದದ ಉರುಳೆಯೊಂದರ ಮೇಲೆ ಕೂತರು. ಅವಳು ಓದಲು ತೊಡಗಿದಳು. ಕಾರ್ಖಾನೆ, ಬಾಯ್ಲರ್, ಹೊಸ್ತಿಲು, ಎಲ್ಲಕ್ಕೂ ಮಕ್ಕಳು ಕೂತಿದ್ದರು. ಕೊನೆಯ ಪುಟ ಬಂತು. ಕಥೆಯ ತಾಯಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಜ ಹೇಳುತ್ತಾಳೆ: "ಮಗಳೇ, ಬದುಕು ಒಂದು ನದಿಯ ಹಾಗೆ. ಅದು ನಿಲ್ಲುವುದಿಲ್ಲ..."

ಚಪ್ಪಲಿಯ ಸದ್ದು ಕೇಳಿಸಿತು. ಅವಳು ತಲೆ ಎತ್ತಲಿಲ್ಲ. ಪೆನ್ಸಿಲಿನಿಂದ ಗುರುತು ಹಾಕಿದಳು. ಇನ್ನೊಂದು ಸದ್ದು. ನದಿ ಹರಿದು ಸಮುದ್ರ ಸೇರುವಷ್ಟರಲ್ಲಿ ಪಡಸಾಲೆಯಲ್ಲಿ ಉಳಿದಿದ್ದವರು ಗೋಂದಕ್ಕ, ಮೇಷ್ಟ್ರು, ನಿದ್ದೆ ಹೋಗಿದ್ದ ಒಂದು ಕೂಸು.

ಮಕ್ಕಳನ್ನು ಮತ್ತೆ ಕೂಗಿ ಕರೆದರು. ಮೇಷ್ಟ್ರು ಬಾಯ್ಲರ್ ಇಲ್ಲದ ತಮ್ಮ ಕಥೆ ಓದಿದರು. ಬಾಗಿಲು ತಟ್ಟಿದ ಸದ್ದಿಗೆ ಮಕ್ಕಳು ಮುಂದೆ ಬಾಗಿದರು. ಗೊಂಬೆಗೆ ಚಪ್ಪಾಳೆ ಬಿತ್ತು. ಒಬ್ಬರೂ ಏಳಲಿಲ್ಲ.

ಮೇಷ್ಟ್ರು ಗೆದ್ದ ಮುಖ ಮಾಡಲಿಲ್ಲ. ಅವಳಿಗೆ ಅದೇ ಹೆಚ್ಚು ಉರಿಯಿತು. ಮೊದಲು ಎದ್ದಿದ್ದು, ಗೋಂದಕ್ಕ ತೋರಿಸಿದಂತೆ, ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ. ಅವಳನ್ನು ಹತ್ತಿರ ಕರೆದು, "ಬೈಯೋಕಲ್ಲ ಕೇಳ್ತಿರೋದು. ಯಾಕೆ ಎದ್ದೆ? ಅಪ್ಪ ಸತ್ತ ಅಂತ ಬೇಜಾರಾಯ್ತಾ?" ಎಂದಳು.

"ಇಲ್ಲ. ಅದು ಅವಾಗ್ಲೇ ಗೊತ್ತಾಯ್ತಲ್ಲ, ಬಾಯ್ಲರ್ ಡಮಾರ್ ಅಂದಾಗ್ಲೇ."

"ಮತ್ತೆ?"

ಹುಡುಗಿ ಮೇಷ್ಟ್ರ ಕಡೆ ಕೈ ತೋರಿಸಿದಳು. "ಅವಳಮ್ಮ ಈ ತಾತನ ಥರ ಮಾತಾಡ್ತಾಳೆ."

ಗೋಂದಕ್ಕ ಸ್ಟೂಲಿನಿಂದ ಬೀಳುವಷ್ಟು ನಕ್ಕಳು. ಮೇಷ್ಟ್ರು ಕೆಮ್ಮಿದರು. ಅವಳು ಹಾಳೆಯತ್ತ ನೋಡಿದಳು. ನದಿ. ಸಮುದ್ರ. ಧೈರ್ಯ. ಒಂದು ಇಡೀ ಪುಟದ ಉಪದೇಶ. ಜೀವನವಿಡೀ ಯಾವುದನ್ನು ಗೇಟಿನಾಚೆ ತಡೆದು ನಿಲ್ಲಿಸಿದ್ದಳೋ ಅದೇ ಸೀರೆಯುಟ್ಟು, ತಾಯಿಯ ವೇಷ ಹಾಕಿಕೊಂಡು ಒಳಗೆ ಬಂದು ಕೂತಿತ್ತು. ಕರೆದು ಕೂರಿಸಿದವಳು ಅವಳೇ.

"ಸೋತೆ ಸಾರ್," ಎಂದಳು. "ಆದ್ರೆ ಬಾಗಿಲು ಇನ್ನೂ ತೆಗೆದೇ ಇದೆ. ಇನ್ನೊಂದು ಸಲ ಓದ್ತೀನಿ."

"ಮುಂದಿನ ವಾರ ಪ್ರೆಸ್ಸಿಗೆ ಕೊಡ್ಬೇಕು. ಅಷ್ಟರೊಳಗೆ ಆಗ್ದಿದ್ರೆ ಗೊಂಬೆ. ಒಪ್ತೀಯಾ?"

ನಿಯಮ ಅವಳದ್ದೇ. ತನಗೆ ಬೇಕಾದಾಗ ಒಂದು, ಬೇಡವಾದಾಗ ಇನ್ನೊಂದು ಎನ್ನುವ ಮಾಲೀಕರನ್ನು ಅವಳು ಸಾಕಷ್ಟು ನೋಡಿದ್ದಳು. "ಒಪ್ತೀನಿ," ಎಂದಳು.

ಮನೆಗೆ ಹೋಗಿ ಬರೆದಳು, ಹರಿದಳು. ಕಥೆಯ ತಾಯಿಯಿಂದ ಕಣ್ಣೀರು ಹಾಕಿಸಿ ನೋಡಿದಳು, ಸುಳ್ಳಾಯಿತು. ನಗಿಸಿ ನೋಡಿದಳು, ಅಸಹ್ಯವಾಯಿತು. ಸುಮ್ಮನೆ ಕೂರಿಸಿದರೆ ಕಥೆ ಅಲ್ಲೇ ಹೂತುಕೊಂಡಿತು. ಹರಿದ ಕಾಗದದ ಮಧ್ಯೆ ಕೂತಾಗ ಅವಳಿಗೆ ಒಂದು ಸರಳ ವಿಷಯ ಹೊಳೆಯಿತು: ಗಂಡ ಸತ್ತದ್ದನ್ನು ಒಬ್ಬ ತಾಯಿ ಮಗುವಿಗೆ ಹೇಗೆ ಹೇಳುತ್ತಾಳೆ ಎಂಬುದು ತನಗೆ ಗೊತ್ತೇ ಇಲ್ಲ. ತನ್ನ ತಾಯಿ ಹೇಳಿರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ನದಿ ಹರಿಸಿದ್ದಳು.

ಅಮ್ಮ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿಕೊಂಡು ಬಟಾಣಿ ಸುಲಿಯುತ್ತಿದ್ದಳು. ಅವಳು ಹೋಗಿ ಎದುರಿಗೆ ಕೂತು, ತಾನೂ ಒಂದು ಹಿಡಿ ತೆಗೆದುಕೊಂಡಳು.

"ಅಮ್ಮ, ಅಪ್ಪ ಸತ್ತಾಗ ನಂಗ್ಯಾಕೆ ಹೇಳ್ಲಿಲ್ಲ?"

ಅಮ್ಮನ ಕೈ ನಿಲ್ಲಲಿಲ್ಲ. "ಈಗ ಕೇಳ್ತಿದ್ದೀಯ? ಬಾಯಲ್ಲಿ ಒಂದು ಹಲ್ಲೂ ಇಲ್ಲ ನಂಗೆ."

"ಮಾತಾಡೋಕೆ ನಾಲಿಗೆ ಸಾಕು, ಹೇಳು."

"ಕತೆಗೆ ಬೇಕಾ?"

"ಕತೆಗೂ ಬೇಕು."

ಅಮ್ಮ ಒಂದು ಸಿಪ್ಪೆಯನ್ನು ದೂರಕ್ಕೆ ಎಸೆದಳು. "ಹೇಳಿದ್ರೆ ನೀನು ಊಟ ಬಿಡ್ತಿದ್ದೆ. ಹಟಮಾರಿ ನೀನು. ಕೂತ್ಕೊಂಡು ನಿಂಗೆ ಉಣ್ಸೋಕೆ ನಂಗೆಲ್ಲಿ ಪುರುಸೊತ್ತಿತ್ತು? ಬೆಳಗಾದ್ರೆ ಪ್ಯಾಕಿಂಗಿಗೆ ಓಡ್ಬೇಕಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಅಂದ್ಕೊಂಡೆ. ಆಮೇಲೆ ನೀನೇ ಬಾಗಿಲು ಕಾಯೋದು ಬಿಟ್ಟೆ."

"ಮೂಲೆಮನೆ ಹುಡುಗಿ ಹೇಳಿದ್ಲು."

"ಅವಳಾ? ಅವಳ ತಾಯೀದೂ ಅದೇ ಬಾಯಿ." ಅಮ್ಮ ಇನ್ನೊಂದು ಕಾಯಿ ಬಿಡಿಸಿದಳು. "ಆದ್ರೂ ನಿಂಗೆ ಅದಕ್ಕೂ ಮುಂ‌ಚೇನೇ ಗೊತ್ತಾಗ್ಬೇಕಿತ್ತು ಕಣೇ. ನಾನೇನು ಪೂರಾ ಮುಚ್ಚಿಡಲಿಲ್ಲ."

"ಹೆಂಗೆ ಗೊತ್ತಾಗ್ಬೇಕಿತ್ತು?"

"ಅವರ ನೀಲಿ ಅಂಗಿ ಕತ್ತರಿಸಿ ನಿಂಗೆ ಫ್ರಾಕ್ ಹೊಲಿದ್ನಲ್ಲ! ನೀನೇ ಎದುರಿಗೆ ಕೂತಿದ್ದೆ. ವಾಪಸ್ ಬರೋ ಗಂಡಸಿನ ಅಂಗಿಗೆ ಯಾರಾದ್ರೂ ಕತ್ತರಿ ಹಾಕ್ತಾರೇನೇ? ಅಷ್ಟು ದೊಡ್ಡ ಕತೆ ಬರಿಯೋಳು, ಅಷ್ಟು ತಿಳೀಲಿಲ್ವಾ?"

ಅವಳ ಕೈಯಲ್ಲಿದ್ದ ಬಟಾಣಿ ಹಾಗೇ ಉಳಿಯಿತು. ಫ್ರಾಕ್ ನೆನಪಾಯಿತು. ಸಾಬೂನಿನ ಸೋಡಾದ ವಾಸನೆಯ ದಪ್ಪ ನೀಲಿ ಬಟ್ಟೆ. ಅದನ್ನೇ ತೊಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಅಪ್ಪನ ಅಂಗಿ ಹಾಕಿಕೊಂಡು ಅಪ್ಪನನ್ನು ಕಾದಿದ್ದಳು.

"ನಾನು ಏನೂ ಕೇಳ್ಲಿಲ್ವಾ ಅವತ್ತು?"

"ಕೇಳ್ದೆ. ಅಪ್ಪ ಬಂದ್ರೆ ಏನು ಹಾಕ್ಕೋತಾರೆ ಅಂತ ಕೇಳ್ದೆ."

"ನೀನೇನಂದೆ?"

"ಕೈ ಎತ್ತು, ಅಳತೆ ತಗೋಬೇಕು ಅಂದೆ." ಅಮ್ಮ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. "ಸುಲಿಯೋದಿದ್ರೆ ಸುಲಿ, ಇಲ್ದಿದ್ರೆ ಇಡು."

ಅವಳು ಎದ್ದು ಒಳಗೆ ಹೋಗಿ ಒಂದೇ ಸಲಕ್ಕೆ ಬರೆದಳು. ಅಮ್ಮ ಹೇಳಿದಂತೆಯೇ ಬರೆದಳು. ಒಂದು ಶಬ್ದ ಮಾತ್ರ ಸೇರಿಸಿದಳು.

ಮೇಷ್ಟ್ರು ಈ ಸಲ ಚೀಲವನ್ನು ಹೆಗಲಿನಿಂದ ಇಳಿಸದೆಯೇ ಉರುಳೆಯ ಮೇಲೆ ಕೂತರು. ಬೇಗ ಮುಗಿಯುತ್ತದೆ ಎಂಬ ಲೆಕ್ಕ. ಬಾಗಿಲು ತೆಗೆದಿತ್ತು. ಹೊರಗೆ ಯಾರೋ ಚೆಂಡು ಆಡುತ್ತಿದ್ದರು, ಆ ಸೆಳೆತವೂ ಅವಳ ವಿರುದ್ಧವೇ. ಅವಳು ಓದಿದಳು. ಹೊಸ್ತಿಲು ದಾಟಿ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಧಡ್ಡನೆ ಒಬ್ಬ ಹುಡುಗ ಎದ್ದು ಬಾಗಿಲಿಗೆ ಓಡಿದ. ಅವಳ ಪೆನ್ಸಿಲ್ ಅಂಚಿಗೆ ಹೋಯಿತು. ಹುಡುಗ ಚಡ್ಡಿ ಹಿಡಿದುಕೊಂಡು ತಿರುಗಿ ನಿಂತು, "ಓದ್ಬೇಡಿ! ನಿಲ್ಸಿ! ಬಂದೇ ಬಂದೆ!" ಎಂದು ಕೂಗಿ ಮಾಯವಾದ.

"ಇವನದ್ದು ಎದ್ದು ಹೋದ ಲೆಕ್ಕಾನಾ?" ಎಂದಳು ಗೋಂದಕ್ಕ.

"ಅದು ಬೇರೆ ಇಲಾಖೆ," ಎಂದರು ಮೇಷ್ಟ್ರು.

ಎಲ್ಲರೂ ಅವನಿಗಾಗಿ ಕಾದರು. ಓಡಿಬಂದು ಕೂತ. ಅವಳು ಮುಂದುವರಿಸಿದಳು. ಕಥೆಯ ತಾಯಿ ಅಪ್ಪನ ನೀಲಿ ಅಂಗಿಯನ್ನು ನೆಲದ ಮೇಲೆ ಹರಡಿದಳು. ಕತ್ತರಿ ಹಾಕಿದಳು.

"ಅಪ್ಪ ಬಂದರೆ ಏನು ಹಾಕಿಕೊಳ್ಳುತ್ತಾರೆ?" ಎಂದು ಹುಡುಗಿ ಕೇಳಿದಳು.

"ಬರಲ್ಲ," ಎಂದಳು ಅಮ್ಮ. "ಕೈ ಎತ್ತು, ಅಳತೆ ತಗೋಬೇಕು."

ಹುಡುಗಿ ಕೈ ಎತ್ತಿದಳು.

ಅವಳು ಹಾಳೆ ಕೆಳಗಿಟ್ಟಳು. ತಲೆ ಎತ್ತಿದಳು. ಒಬ್ಬರೂ ಎದ್ದಿರಲಿಲ್ಲ. ಒಂದಿಬ್ಬರ ಮೂಗು ಸೋರುತ್ತಿತ್ತು. ಒರೆಸಿಕೊಳ್ಳಲು ಯಾರಿಗೂ ಆತುರವಿರಲಿಲ್ಲ. ಹೊರಗೆ ಚೆಂಡು ಗೋಡೆಗೆ ಬಡಿಯುತ್ತಲೇ ಇತ್ತು. ಹಲ್ಲು ಬಿದ್ದ ಹುಡುಗಿ ಹುಬ್ಬು ಗಂಟಿಕ್ಕಿ ಕೂತಿದ್ದಳು.

"ಆ ಫ್ರಾಕಿಗೆ ಜೇಬಿತ್ತಾ?" ಎಂದಳು.

"ಏನು?"

"ಅಪ್ಪನ ಅಂಗೀಗೆ ಜೇಬಿರುತ್ತಲ್ಲ. ಅದೇನಾಯ್ತು?"

"ಹೌದು," ಎಂದರು ಮೇಷ್ಟ್ರು. ಚೀಲ ಅವರ ಹೆಗಲಿನಿಂದ ಜಾರಿ ನೆಲದ ಮೇಲೆ ಬಿದ್ದಿತ್ತು, ಅವರಿಗೆ ಗೊತ್ತಾಗಿರಲಿಲ್ಲ. "ಜೇಬು ಏನಾಯ್ತಮ್ಮ?"

"ನಂಗೆ ಗೊತ್ತಿಲ್ಲ. ಕೇಳ್ಕೊಂಡು ಬರ್ತೀನಿ."

"ಯಾರನ್ನ ಕೇಳ್ತೀಯ?"

"ಹೊಲಿದೋಳನ್ನ," ಎಂದಳು. ಮೇಷ್ಟ್ರು ಅವಳ ಮುಖ ನೋಡಿದರು. ಬಗ್ಗಿ ಚೀಲ ಎತ್ತಿಕೊಂಡರು. ಗೊಂಬೆಯ ಹಾಳೆಯನ್ನು ತೆಗೆದು ನಾಲ್ಕಾಗಿ ಮಡಿಸಿ ಗೋಂದಕ್ಕನ ಕೈಗೆ ಕೊಟ್ಟು, "ಅಂಟು ಒರ್ಸೋಕಾದ್ರೂ ಆಗುತ್ತೆ," ಎಂದರು.

ಮನೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಪ್ರಶ್ನೆ ಕೇಳಿ ಹುಬ್ಬೇರಿಸಿದಳು. "ಜೇಬಾ? ಇತ್ತಲ್ಲ. ಬಿಚ್ಚಿ ಮತ್ತೆ ಹೊಲಿಯೋಕೆ ಯಾರಿಗಿತ್ತು ಟೈಮು? ಅಂಗೀಲಿ ಎದೆ ಮೇಲಿದ್ದಿದ್ದು ನಿಂಗೆ ಹೊಟ್ಟೆ ಹತ್ರ ಬಂತು. ಇರ್ಲಿ ಅಂತ ಬಿಟ್ಟೆ. ನೀನು ಅದರ ತುಂಬ ಬಳಪ ತುರುಕಿ ತೂತು ಮಾಡ್ದೆ, ಕತ್ತೆ."

ಅವಳು ಅದನ್ನು ಮರುದಿನ ಪಡಸಾಲೆಯಲ್ಲಿ ಮಕ್ಕಳಿಗೆ ಹೇಳಿದಳು. ತೂತಿನ ವಿಷಯಕ್ಕೆ ನಕ್ಕರು. ಹಲ್ಲು ಬಿದ್ದ ಹುಡುಗಿ ನಗದೆ, ಲೆಕ್ಕ ಸರಿಹೋಯಿತು ಎನ್ನುವ ಹಾಗೆ ತಲೆಯಾಡಿಸಿದಳು. ಅಲ್ಲಿಯೇ ಉರುಳೆಯ ಮೇಲೆ ಹಾಳೆಯಿಟ್ಟು ಅವಳು ಕಥೆಗೆ ಇನ್ನೊಂದು ಸಾಲು ಸೇರಿಸಿದಳು: ಅಪ್ಪನ ಎದೆಯ ಮೇಲಿದ್ದ ಜೇಬು ಹುಡುಗಿಯ ಹೊಟ್ಟೆಯ ಹತ್ತಿರ ಬಂತು.

ಮೇಷ್ಟ್ರು ಅದನ್ನು ಹಾಗೆಯೇ ಪ್ರೆಸ್ಸಿಗೆ ಕಳಿಸಿದರು. ಬಾಯ್ಲರನ್ನೂ ಅದರ ಜಾಗಕ್ಕೆ ವಾಪಸ್ ಇಟ್ಟರು.